ಬಿಡ್ರಿ ಅಂದ್ರ ಹಿಡೀತೀರಲ್ರೀ ಅಕ್ಕಾ

ಮೊನ್ನೆ ಮಂಗಳವಾರ ಒಂದು ಟೆಸ್ಟಿಗಂತ ಹೈದರಾಬಾದಿಗೆ ಹೋಗಿದ್ದೆ. ರಾಯಚೂರಾಗ ಯಾರಿಗೂ ಖರೆ ಹೇಳಿಲ್ಲ, ಶಾಲ್ಯಾಗ ಅಕ್ಕನ ಮನಿ ಗೃಹಪ್ರವೇಶ ಅಂತ ರಜಾ ತಗೊಂಡೆ. ಹೊಟ್ಟಿ ಕ್ಲೀನ್ ಆಗೂದಿಲ್ಲ ಅಂದ್ರ ಸ್ಟಾಫ್‌ರೂಮಿನಾಗ ಎಲ್ಲಾರೂ ಡಾಕ್ಟರೇ, ಒಬ್ಬರು ಔಡಲೆಣ್ಣಿ ಅಂತಾರ ಒಬ್ಬರು ಇಸಬಗೋಲ್ ಅಂತಾರ, ನಮ್ಮ ಹೆಡ್‌ಮಾಸ್ತರಂತೂ "ರೊಟ್ಟಿ ಬಿಟ್ಟು ಅನ್ನ ತಿಂತೀರಿ ಅದಕ್ಕ ಹಿಂಗ" ಅಂತ ಭಾಷಣನ ಶುರು ಮಾಡ್ತಾರ. ಹುಟ್ಟಿದಾಗಿಂದ ಜ್ವಾಳದ ರೊಟ್ಟಿ ತಿಂದಾಕಿಗೆ!

ಟೆಸ್ಟಿನ ಹೆಸರು ಆನೋರೆಕ್ಟಲ್ ಮ್ಯಾನೋಮೆಟ್ರಿ. ಸಂಡಾಸದ ಜಾಗದಾಗ ಪೆನ್ನಿಗಿಂತ ಸಣ್ಣ ನಳಿಗಿ ಹಾಕಿ ಅಲ್ಲಿ ಸ್ನಾಯು ಎಷ್ಟು ಒತ್ತಡ ಕೊಡ್ತಾವ ಅಂತ ಅಳೀತಾರ, ತುದಿಗೆ ಒಂದು ಪುಟ್ಟ ಬಲೂನ್ ಇರ್ತದ. ಮಂಪರಿನ ಇಂಜೆಕ್ಷನ್ ಇಲ್ಲ, ಅವರು ಹೇಳಿದಂಗ ನಾವು ಮಾಡ್ಬೇಕಲ್ಲ ಅದಕ್ಕ. ಮೊದಲ ಎನಿಮಾ ಕೊಟ್ಟು ಆಮ್ಯಾಲ ಎಡ ಮಗ್ಗಲಾಗಿ ಮೊಣಕಾಲು ಮಡಚಿ ಮಲಗಿಸಿದ್ರು.

ಟೆಕ್ನಿಷಿಯನ್ ಹುಡುಗಿ ತೆಲುಗಿನಾಗ ಶುರು ಮಾಡಿದಾಕಿ ಫೈಲ್ ನೋಡಿ "ಅಯ್ಯ ರಾಯಚೂರೇನ್ರೀ? ನಮ್ದು ಸಿಂಧನೂರು!" ಅಂದ್ಲು. ನನ್ನ ಜೀವಾನ ಹೋತು. ಇಷ್ಟು ದೂರ ಬಂದಿದ್ದ ಗುರ್ತಿನವರು ಸಿಗಬಾರದು ಅಂತ, ಇಕಿ ನೋಡಿದ್ರ ನಳಿಗಿ ಒಳಗ ಇಟ್ಟು "ಯಾರ ಪೈಕಿ ರೀ ನೀವು" ಅಂತ ಕೇಳಾಕತ್ತಾಳ.

"ಬಿಗಿ ಹಿಡೀರಿ" ಅಂದ್ಲು, ಹಿಡಿದೆ. "ಕೆಮ್ರಿ" ಅಂದ್ಲು, ಕೆಮ್ಮಿದೆ. "ಈಗ ಸಂಡಾಸಕ್ಕ ಕುಂತಂಗ ತಿಣುಕ್ರಿ, ಕೆಳಗ ಸಡಿಲ ಬಿಡ್ರಿ." ಬಿಟ್ಟೆ, ಬಿಟ್ಟೀನಿ ಅಂತನ ನಾನು ತಿಳ್ಕೊಂಡಿದ್ದೆ. ಕೆಳಗ ಒತ್ತಡ ಇಳಿಯೂದು ಬಿಟ್ಟು ಏರಿ, ಸ್ಕ್ರೀನ್ ಮ್ಯಾಲ ಬಣ್ಣ ಕೆಂಪಗಾತು. "ಬಿಡ್ರಿ ಅಂದ್ರ ಹಿಡೀತೀರಲ್ರೀ ಅಕ್ಕಾ!" ಮೂರು ಸಲ ಮಾಡ್ಸಿದ್ಲು, ಮೂರು ಸಲಾನೂ ಅದ ಮಾತು.

ಆಮ್ಯಾಲ ಬಲೂನ್ ಸ್ವಲ್ಪ ಸ್ವಲ್ಪ ಉಬ್ಬಿಸಿ ಯಾವಾಗ ಗೊತ್ತಾಗ್ತದ ಹೇಳ್ರಿ ಅಂದ್ಲು, ನನಗ ಭಾಳ ತಡವಾಗಿ ಗೊತ್ತಾತು. ಬಲೂನ್ ಉಬ್ಬಿದಾಗ ಒಳಗಿನ ಸ್ನಾಯು ತಾನ ಸಡಿಲ ಆಗ್ಬೇಕಂತ, ಅದು ನಮ್ಮ ಕೈಯಾಗಿಲ್ಲ, ನನಗ ಅದು ಸರಿ ಅದ. ಹುಟ್ಟಿದಾಗಿಂದ ಕರುಳಿನ ಕೊನಿಗೆ ನರ ಇಲ್ಲದ ಕೂಸುಗಳಿಗೆ ಅದು ಆಗೂದಿಲ್ಲಂತ, ಹೊರಗ ಒಬ್ಬಾಕಿ ಆರು ತಿಂಗಳ ಕೂಸು ಹಿಡ್ಕೊಂಡು ಕುಂತಿದ್ದು ಅದ ಟೆಸ್ಟಿಗಂತ.

ಕೊನಿಗೆ ಬಲೂನಿನಾಗ 50 ಎಂಎಲ್ ನೀರು ತುಂಬಿ ಕಮೋಡ್ ಮ್ಯಾಲ ಕುಂಡ್ರಿಸಿ ಬಾಗಿಲು ಹಾಕಿದ್ಲು. ಒಂದು ನಿಮಿಷದಾಗ ಹೊರಗ ಹಾಕ್ಬೇಕಂತ. ಹೊರಗಿಂದ "ಆತೇನ್ರೀ ಅಕ್ಕಾ?" "ಇಲ್ಲವ್ವಾ." "ಈಗ?" "ಇಲ್ಲವ್ವಾ." ಕಡೀಕ ಆಕಿನ ಬಂದು ನೀರು ಇಳಿಸಿ ತಗದ್ಲು.

ಡಾಕ್ಟರು ರಿಪೋರ್ಟ್ ನೋಡಿ ಕೇಳಿದ್ದು ಒಂದ ಪ್ರಶ್ನೆ, ಬಂದಾಗ ತಡಕೊಳ್ಳೋ ಅಭ್ಯಾಸ ಇತ್ತಾ? ಆರು ವರ್ಷ ಸಿರಪ್ ಬರದುಕೊಟ್ಟ ನಮ್ಮೂರಿನ ಡಾಕ್ಟರು ಒಂದ ದಿನಾನೂ ಇದನ್ನ ಕೇಳಿದ್ದಿಲ್ಲ.

ಇತ್ತಾ ಅಂದ್ರ? ಲಿಂಗಸುಗೂರು ಕಡೆ ಹಳ್ಳಿಯಾಕಿ ನಾನು. ಬೆಳಕು ಹರಿಯೂದ್ರೊಳಗ ಚಂಬು ತಗೊಂಡು ಅವ್ವನ ಹಿಂದ, ಇಲ್ಲಾಂದ್ರ ಕತ್ತಲಾದ ಮ್ಯಾಲ, ನಡುವ ಬಂದ್ರ ಬರಬಾರದು ಅಷ್ಟ. ರಸ್ತಾದಾಗ ಗಾಡಿ ಲೈಟ್ ಬಿತ್ತಂದ್ರ ಸಾಲಾಗಿ ಕುಂತ ಹೆಣ್ಮಕ್ಕಳೆಲ್ಲಾ ಗಪ್ಪನ ಎದ್ದು ನಿಲ್ತಿದ್ವಿ, ಅರ್ಧಕ್ಕ, ಬಿಗಿ ಹಿಡಿದು. ಗಾಡಿ ಹೋತು, ಕುಂತ್ವಿ. ಇನ್ನೊಂದು ಬಂತು, ಎದ್ವಿ. ಮೊದಲ ಪೋಸ್ಟಿಂಗ್ ಆದ ಶಾಲ್ಯಾಗ ಟಾಯ್ಲೆಟ್ಟೇ ಇದ್ದಿಲ್ಲ, ಬೆಳಿಗ್ಗೆ ಎಂಟಕ್ಕ ಮನಿ ಬಿಟ್ರ ಸಂಜಿ ಆರು. ಈಗಿನ ಶಾಲ್ಯಾಗ ಅದ, ಕೀಲಿ ಹೆಡ್‌ಮಾಸ್ತರ ಟೇಬಲ್ ಡ್ರಾದಾಗ ಅದ. ಅವರ ಮುಂದ ನಿಂತು ಕೀಲಿ ಕೇಳಿದ್ರ ಏನ್ ತಿಳ್ಕೋತಾರ ಅಂತ ನಾಲ್ಕು ವರ್ಷ ನಾನೂ ಕೇಳಿಲ್ಲ. ರೊಟ್ಟಿ ಭಾಷಣ ಮಾತ್ರ ಕೇಳೀನಿ.

ಔಷಧಿಗಿಂತ ಬಯೋಫೀಡ್‌ಬ್ಯಾಕ್ ಅಂತ ಟ್ರೇನಿಂಗ್ ಕೆಲಸ ಮಾಡ್ತದಂತ, ಅದ ಸ್ಕ್ರೀನ್ ನೋಡ್ಕೋತ ಸಡಿಲ ಬಿಡೂದು ಕಲೀಬೇಕು, ಸುಮಾರು ಸಲ ಹೋಗ್ಬೇಕು. ವಾಪಸ್ ಬರ್ತಾ ಕೃಷ್ಣಾ ಸೇತುವಿ ದಾಟೋ ತನಕ ನನಗ ನಗು, ಆಕಿ ಧ್ವನಿ ಕಿವ್ಯಾಗ.

ನಿನ್ನೆ ಕ್ಲಾಸಿನಾಗ ಆರನೇತ್ತಿ ಹುಡುಗಿ ಎರಡು ಬೆರಳು ಎತ್ತಿದ್ಲು. ಯಾವಾಗಲೂ "ಪೀರಿಯಡ್ ಮುಗೀಲಿ, ತಡಕೋ" ಅನ್ನಾಕಿ ನಾನ. ಹೋಗವ್ವ ಅಂದೆ. ಓಡಿ ಹೋದಾಕಿ ಅಷ್ಟ ಜಲ್ದಿ ವಾಪಸ್ ಬಂದು ಬಾಗಲಾಗ ನಿಂತ್ಲು.

"ಕೀಲಿ ಹಾಕ್ಯಾರ್ರೀ ಟೀಚರ್."