ಎಳನೀರಿನ ಊರಲ್ಲಿ ನೀರಿಗೆ ಲೆಕ್ಕ

ನಮ್ಮ ಅರಸೀಕೆರೆ ಸೀಮೆಯಲ್ಲಿ ಯಾರ ತೋಟದ ಮನೆಗೆ ಹೋದರೂ ಮೊದಲು ಕೇಳುವುದು, "ಎಳನೀರು ಕೆಡವಿಸ್ಲಾ?" ಅಂತ. ಅರಸೀಕೆರೆ, ತಿಪಟೂರು, ಚನ್ನರಾಯಪಟ್ಟಣ, ಎತ್ತ ತಿರುಗಿದರೂ ತೆಂಗು. ಇಲ್ಲೇ ಹುಟ್ಟಿ ಬೆಳೆದ ನನಗೆ ಡಾಕ್ಟರು ಕೊಟ್ಟ ಪಟ್ಟಿಯಲ್ಲಿ ಮೊದಲ ಸಾಲೇ ಎಳನೀರು. ಕುಡಿಯಲೇಬಾರದು. ಎರಡನೆಯದು ಬಾಳೆಹಣ್ಣು. ಮೂರನೆಯದು ಆಲೂಗಡ್ಡೆ. ಹಾಸನ ಜಿಲ್ಲೆಯವನಿಗೆ ಎಳನೀರೂ ಬೇಡ, ಆಲೂಗಡ್ಡೆಯೂ ಬೇಡ ಅಂದರೆ ಇನ್ನು ಯಾವ ಜಿಲ್ಲೆಗೆ ಹೋಗಿ ಸೇರಿಕೊಳ್ಳೋದು, ಹೇಳಿ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಬಿಪಿ ಒಳಗೊಳಗೇ ಎರಡೂ ಕಿಡ್ನಿಯನ್ನು ತಿಂದುಹಾಕಿತು. ಈಗ ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಮೈಯಲ್ಲಿರುವುದು ಐದು ಲೀಟರ್ ಚಿಲ್ಲರೆ ರಕ್ತ. ಅದು ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಂದು, ಫಿಲ್ಟರಿನೊಳಗೆ ಹಾದು, ಕೊಳೆಯನ್ನೂ ಹೆಚ್ಚಾದ ನೀರನ್ನೂ ಅಲ್ಲೇ ಬಿಟ್ಟು, ವಾಪಸ್ ಮೈಗೆ ಹೋಗುತ್ತದೆ. ನಾಲ್ಕು ಗಂಟೆಯಲ್ಲಿ ಹತ್ತಕ್ಕೂ ಜಾಸ್ತಿ ಸಲ ಹೀಗೆ ಸುತ್ತುತ್ತದೆ. ನನ್ನ ಜೊತೆ ಡ್ಯೂಟಿ ಮಾಡುತ್ತಿದ್ದ ಡ್ರೈವರ್ ಅಣ್ಣ ಈಗಲೂ ಸಂಜೆ ಫೋನ್ ಮಾಡಿ ಕೇಳುತ್ತಾನೆ, "ಇವತ್ತು ಎಷ್ಟು ಲೀಟರ್ ನೀರು ಇಳಿಸಿದ್ರಲಾ?" "ಎರಡೂವರೆ" ಅನ್ನುತ್ತೇನೆ. "ಮೈಲೇಜ್ ಪರವಾಗಿಲ್ಲ ಬಿಡು" ಅಂತ ಫೋನ್ ಇಡುತ್ತಾನೆ.

ಈ ಕಾಯಿಲೆ ಬಂದ ಮೇಲೆ ನನಗೆ ಫೋನ್ ಮಾಡಿದವರೆಲ್ಲ ಹೇಳಿದ ಮಾತು ಒಂದೇ. "ಧೈರ್ಯವಾಗಿರಿ, ಎಲ್ಲಾ ಸರಿಹೋಗುತ್ತೆ." ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಕಿಡ್ನಿ ಪೂರ್ತಿ ಹೋದ ಮೇಲೆ ಸರಿಹೋಗುವುದಿಲ್ಲ. ನಾನು "ಹೂಂ ಹೂಂ" ಅಂದು ಸುಮ್ಮನಾಗುತ್ತೇನೆ. ಡ್ರೈವರ್ ಅಣ್ಣನ ಫೋನು ಹಾಗಲ್ಲ. ಅವನಿಗೆ ನನ್ನ ಲೀಟರಿನ ಲೆಕ್ಕ ಬೇಕು. ಲೆಕ್ಕ ಕೇಳುವವನೊಬ್ಬ ಇದ್ದಾನೆ ಅಂತಾದರೆ ಲೋಟ ಎತ್ತುವಾಗ ಕೈ ತಾನಾಗಿ ತಡೆಯುತ್ತದೆ. ನನ್ನ ಮಟ್ಟಿಗೆ ಧೈರ್ಯ ಅನ್ನೋದು ಇಷ್ಟೇ ಕೆಲಸ ಮಾಡಿದೆ.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲ್ಲ. ಮೂತ್ರ ಕಮ್ಮಿಯಾದ ಮೇಲೆ ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ. ಕಾಲು ಊದುತ್ತದೆ, ಜಾಸ್ತಿಯಾದರೆ ಶ್ವಾಸಕೋಶಕ್ಕೂ ಹೋಗಿ ಮಲಗಲು ಆಗುವುದಿಲ್ಲ. ಹಾಗಾಗಿ ನನಗೆ ದಿನಕ್ಕೆ ಮುಕ್ಕಾಲು ಲೀಟರ್ ಅಂತ ಗೊತ್ತುಮಾಡಿದ್ದಾರೆ. ಅದರೊಳಗೇ ಕಾಫಿ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ನೀರು ಎಲ್ಲ ಬರಬೇಕು. ಬೆಳಿಗ್ಗೆ ಹೆಂಡತಿ ಒಂದು ಬಾಟಲಿಗೆ ಅಷ್ಟು ನೀರು ತುಂಬಿಸಿಡುತ್ತಾಳೆ. ನಾನು ಅರ್ಧ ಲೋಟ ಕಾಫಿ ಕುಡಿದರೆ ಬಾಟಲಿಯಿಂದ ಅರ್ಧ ಲೋಟ ತೆಗೆದು ತುಳಸಿ ಗಿಡಕ್ಕೆ ಹಾಕುತ್ತಾಳೆ. ಬಾಟಲಿ ಖಾಲಿಯಾಯಿತೋ, ಆ ದಿನದ ನೀರು ಮುಗಿಯಿತು. ನಮ್ಮ ಮನೆಯ ತುಳಸಿ ಈಗ ನನಗಿಂತ ಚೆನ್ನಾಗಿದೆ. ಬಾಯಾರಿದಾಗ ಒಂದು ಏಲಕ್ಕಿ, ಇಲ್ಲವೇ ಫ್ರಿಜ್ಜಿನ ಒಂದು ಸಣ್ಣ ಐಸ್ ತುಂಡು ಬಾಯಲ್ಲಿ ಇಟ್ಟುಕೊಳ್ಳುತ್ತೇನೆ. ಉಪ್ಪು ಕಮ್ಮಿ ತಿಂದರೆ ದಾಹವೂ ಕಮ್ಮಿ. ಉಪ್ಪಿನಕಾಯಿ ಭರಣಿಯನ್ನು ಅವಳು ಎಲ್ಲಿ ಬಚ್ಚಿಟ್ಟಿದ್ದಾಳೆ ಅಂತ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಇನ್ನು ಬಸ್ಸಾರು. ಸೊಪ್ಪು, ಕಾಳು ಬೇಯಿಸಿ, ನೀರು ಬಸಿದು, ಆ ಕಟ್ಟಿಗೇ ಖಾರ ಹಾಕಿ ಮಾಡುವ ಸಾರು. ಮುದ್ದೆಗೆ ಅದಕ್ಕಿಂತ ಇನ್ನೊಂದಿಲ್ಲ. ನಮ್ಮಂಥವರು ತರಕಾರಿಯನ್ನು ಚೆನ್ನಾಗಿ ಬೇಯಿಸಿ ನೀರು ಚೆಲ್ಲಬೇಕು ಅಂತಾರೆ ಡಾಕ್ಟರು. ಯಾಕೆಂದರೆ ತರಕಾರಿಯಲ್ಲಿರುವ ಪೊಟ್ಯಾಸಿಯಂನಲ್ಲಿ ತುಂಬಾ ಭಾಗ ಆ ನೀರಿಗೇ ಇಳಿಯುತ್ತದೆ. ಕಿಡ್ನಿ ಅದನ್ನು ಹೊರಗೆ ಹಾಕದಿದ್ದರೆ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಎಳನೀರು, ಬಾಳೆಹಣ್ಣು, ಆಲೂಗಡ್ಡೆ ಬೇಡ ಅಂದದ್ದೂ ಇದಕ್ಕೇ. ಅಂದರೆ ಬಸ್ಸಾರಿನ ಜೀವ ಎಲ್ಲಿದೆಯೋ ಅದನ್ನೇ ನಾನು ಬಿಡಬೇಕು. ಈಗ ಮನೆಯಲ್ಲಿ ಮಕ್ಕಳಿಗೆ ಕಟ್ಟಿನ ಸಾರು, ನನಗೆ ಬರೀ ಪಲ್ಯ. ಒಗ್ಗರಣೆಯ ವಾಸನೆಗೆ ಪೊಟ್ಯಾಸಿಯಂ ಇಲ್ಲ ಅಂತ ಡಾಕ್ಟರನ್ನೇ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.

ವಾರ್ಡಿನ ಕಥೆಗೆ ಬರುತ್ತೇನೆ. ನಮ್ಮ ಪಾಳಿಯಲ್ಲಿ ಕಿಟಕಿ ಪಕ್ಕ ಒಬ್ಬರು ಅಜ್ಜಿ. ನನ್ನ ಎದುರಿಗೆ ನಿವೃತ್ತ ಲೆಕ್ಕದ ಮೇಷ್ಟ್ರು. ಒಳಗೆ ಬಂದ ಕೂಡಲೇ ಎಲ್ಲರೂ ತೂಕ ನೋಡಿಸಬೇಕು. ಹೋದ ಸಲ ಹೋಗುವಾಗ ಎಷ್ಟಿತ್ತು, ಈಗ ಎಷ್ಟು ಏರಿದೆ, ಅಷ್ಟೂ ನೀರು. ಮೇಷ್ಟ್ರು ತಮ್ಮ ಹಾಸಿಗೆಯಿಂದಲೇ ಎಲ್ಲರ ತೂಕ ಕೇಳಿಸಿಕೊಂಡು ಫಲಿತಾಂಶ ಹೇಳುತ್ತಾರೆ. ಎರಡು ಕೇಜಿ ಒಳಗಿದ್ದರೆ ಪಾಸು. ಮೂರು ದಾಟಿದರೆ, "ಪೋಷಕರನ್ನು ಕರ್ಕೊಂಡು ಬನ್ನಿ ಕಂಡಕ್ಟ್ರೇ."

ಆಮೇಲೆ ಸೂಜಿ. ನನ್ನ ಎಡಗೈಯಲ್ಲಿ ಫಿಸ್ಟುಲಾ ಇದೆ. ಹೃದಯದಿಂದ ರಕ್ತ ತರುವ ನಾಳವನ್ನೂ ವಾಪಸ್ ಒಯ್ಯುವ ನಾಳವನ್ನೂ ಮಣಿಕಟ್ಟಿನ ಹತ್ತಿರ ಜೋಡಿಸಿ ಹೊಲಿದಿದ್ದಾರೆ. ಒತ್ತಡ ಬಿದ್ದು ಬಿದ್ದು ಆ ನರ ಕೆಲವು ವಾರದಲ್ಲಿ ದಪ್ಪಗಾಗುತ್ತದೆ, ದೊಡ್ಡ ಸೂಜಿ ತಡೆಯುತ್ತದೆ. 1966ರಲ್ಲಿ ನ್ಯೂಯಾರ್ಕಿನ ಡಾಕ್ಟರುಗಳು ಈ ವಿದ್ಯೆಯನ್ನು ಬರೆದು ಪ್ರಕಟಿಸಿದ್ದಂತೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಗುಂಯ್ ಅನ್ನುತ್ತಿರುತ್ತದೆ. ನಿಂತ ಬಸ್ಸಿನ ಇಂಜಿನ್ ಆನ್ ಇದ್ದಾಗ ಸೀಟಿನ ಕಂಬಿ ಹಿಡಿದರೆ ನಡುಗುತ್ತದಲ್ಲ, ಹಾಗೆ. ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ನೋಡುವುದು ಅದನ್ನೇ. ಆ ನಡುಕ ನಿಂತರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಆ ಕೈಗೆ ವಾಚು ಕಟ್ಟುವಂತಿಲ್ಲ, ಬಿಪಿ ನೋಡಿಸುವಂತಿಲ್ಲ, ತಲೆಗೆ ಕೊಟ್ಟು ಮಲಗುವಂತಿಲ್ಲ, ಭಾರ ಎತ್ತುವಂತಿಲ್ಲ. ರಶ್ ಬಸ್ಸಿನಲ್ಲಿ ಏಟು ಬೀಳುತ್ತದೆ ಅಂತ ನಾನೀಗ ಡಿಪೋದಲ್ಲಿ ಲೈಟ್ ಡ್ಯೂಟಿ.

ಸೂಜಿ ಎರಡು. ಒಂದು ರಕ್ತ ಎಳೆಯಲು, ಇನ್ನೊಂದು ವಾಪಸ್ ಬಿಡಲು. ಟೆಕ್ನಿಷಿಯನ್ ಹುಡುಗಿ ಬೆರಳಲ್ಲಿ ನರ ಒತ್ತಿ ಒತ್ತಿ ನೋಡಿ, ಸ್ಪಿರಿಟ್ ಹಚ್ಚಿ, "ಅಣ್ಣಾ, ಉಸಿರು ತಗೊಳ್ಳಿ" ಅನ್ನುತ್ತಾಳೆ. ಅಭ್ಯಾಸ ಆಗುತ್ತೆ ಅಂತ ಎಲ್ಲರೂ ಹೇಳಿದ್ದರು. ಆಗಿಲ್ಲ. ನಾನು ಆ ಕ್ಷಣ ಬೇರೆ ಕಡೆ ತಿರುಗಿ "ರೈಟ್ ರೈಟ್" ಅನ್ನುತ್ತೇನೆ. ಎರಡನೇ ಸೂಜಿಯೂ ಒಳಗೆ ಹೋದ ಮೇಲೆ ಅಜ್ಜಿ ಕಿಟಕಿಯಿಂದಲೇ ಕೂಗುತ್ತಾರೆ, "ಕಂಡಕ್ಟ್ರು ಹತ್ಕಂಡ್ರು, ಬಿಡಿ ಬಸ್ಸು!"

ಕಷ್ಟ ಬರುವುದು ಮೂರನೇ ಗಂಟೆ ಹೊತ್ತಿಗೆ. ನೀರು ಬೇಗ ಇಳಿದರೆ ಕಾಲಿನ ಮೀನಖಂಡ ಗಂಟು ಕಟ್ಟುತ್ತದೆ. ಅನುಭವಿಸಿದವರಿಗೇ ಗೊತ್ತು ಅದು. ಬಾಯಿಂದ ಮಾತು ಬರುವುದಿಲ್ಲ. ಒಂದು ದಿನ ಹಾಗೆ ಹಿಡಿದುಕೊಂಡಾಗ ಟೆಕ್ನಿಷಿಯನ್ ಓಡಿ ಬಂದು ನೀರು ತೆಗೆಯುವುದನ್ನು ನಿಲ್ಲಿಸಿ, ಸಲೈನ್ ಬಿಟ್ಟು, ನನ್ನ ಪಾದವನ್ನು ಮೇಲಕ್ಕೆ ಒತ್ತಿ ಹಿಡಿದಳು. ಆ ಕಡೆಯಿಂದ ಮೇಷ್ಟ್ರು ಗದರಿದರು. "ಕಂಡಕ್ಟ್ರೇ, ಹದಿನೇಳರ ಮಗ್ಗಿ ಹೇಳಿ." ನಾನು ಹಲ್ಲು ಕಚ್ಚಿಕೊಂಡೇ ಶುರು ಮಾಡಿದೆ. ಹದಿನೇಳೊಂದ್ಲೆ ಹದಿನೇಳು. ಟಿಕೆಟ್ ಮೆಷಿನ್ ಬಂದ ಮೇಲೆ ನನಗೆ ಲೆಕ್ಕ ಮರೆತೇಹೋಗಿತ್ತು. ಹದಿನೇಳೇಳ್ಲೆ ಹತ್ತಿರ ಸಿಕ್ಕಿಹಾಕಿಕೊಂಡೆ. "ನೂರಾ ಹದಿನೈದಾ?" "ಕೂತ್ಕೊಳ್ಳಿ" ಅಂದರು ಮೇಷ್ಟ್ರು. ಮಲಗಿದ್ದವನಿಗೆ! ವಾರ್ಡೆಲ್ಲ ನಗು. ನೂರಾ ಹತ್ತೊಂಬತ್ತು ಅಂತ ನೆನಪಾಗುವ ಹೊತ್ತಿಗೆ ಕಾಲು ಸಡಿಲಾಗಿತ್ತು. ಸಲೈನ್ ಕೆಲಸ ಮಾಡಿತು ಅಂತ ನನಗೂ ಗೊತ್ತು. ಆದರೂ ಮಗ್ಗಿಗೆ ಸ್ವಲ್ಪ ಪಾಲು ಕೊಡಲೇಬೇಕು.

ಡಯಾಲಿಸಿಸ್ ಕಂಡುಹಿಡಿದ ಕಥೆ ಹೇಳಿದ್ದೂ ಮೇಷ್ಟ್ರೇ. ಎರಡನೇ ಮಹಾಯುದ್ಧದ ಕಾಲ, ಜರ್ಮನಿ ಆಕ್ರಮಿಸಿಕೊಂಡಿದ್ದ ನೆದರ್‌ಲ್ಯಾಂಡ್ಸ್. ವಿಲೆಮ್ ಕೋಲ್ಫ್ ಅನ್ನುವ ಡಾಕ್ಟರು ಸಾಸೇಜ್ ತುಂಬುವ ಸೆಲ್ಲೋಫೇನ್ ಕೊಳವೆ ತಂದು, ಒಂದು ಡ್ರಮ್ಮಿಗೆ ಸುತ್ತಿ, ತೊಟ್ಟಿಯಲ್ಲಿ ತಿರುಗಿಸಿ 1943ರಲ್ಲಿ ಮೊದಲ ಮೆಷಿನ್ ಮಾಡಿದರು. ಮೊದಮೊದಲು ಚಿಕಿತ್ಸೆ ಕೊಟ್ಟವರಲ್ಲಿ ಹೆಚ್ಚಿನವರು ಉಳಿಯಲೇ ಇಲ್ಲ. ಆದರೂ ಕೋಲ್ಫ್ ಬಿಡಲಿಲ್ಲ. 1945ರಲ್ಲಿ 67 ವರ್ಷದ ಹೆಂಗಸೊಬ್ಬರು ಪ್ರಜ್ಞೆ ಇಲ್ಲದೆ ಬಂದವರು ಮೆಷಿನ್ ಹಾಕಿದ ಮೇಲೆ ಕಣ್ಣುಬಿಟ್ಟರು. ಕಣ್ಣುಬಿಟ್ಟವರು ಮೊದಲು ಹೇಳಿದ್ದೇ ಗಂಡನಿಗೆ ಡೈವೋರ್ಸ್ ಕೊಡುತ್ತೇನೆ ಅಂತ. ಕೋಲ್ಫ್ ಅವರೇ ಹೇಳುತ್ತಿದ್ದ ಕಥೆಯಂತೆ ಇದು. ಕೊಟ್ಟೂ ಬಿಟ್ಟರಂತೆ. ಅಜ್ಜಿ ಕೇಳಿಸಿಕೊಂಡು, "ನೋಡು, ರಕ್ತ ಸೋಸಿದ್ರೆ ಮೊದ್ಲು ಬುದ್ಧಿ ಬತ್ತದೆ" ಅಂದರು. ನನ್ನ ಹೆಂಡತಿ ಅವತ್ತು ಪಕ್ಕದಲ್ಲೇ ಕೂತಿದ್ದಳು. ಜೋರಾಗಿ ನಕ್ಕವಳು ಅವಳೇ.

ದೇವರ ವಿಷಯ. ನನಗೆ ನಂಬಿಕೆ ಇದೆ. ಆದರೆ ನನ್ನ ರಕ್ತದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಬೇಕಾದ ಕೊಳೆ, ಇಳಿಸುವುದು ದೇವರ ಡ್ಯೂಟಿ ಅಂತ ನಂಬಿಲ್ಲ. ನಮ್ಮೂರ ಹತ್ತಿರ ಜೇನುಕಲ್ ಸಿದ್ದೇಶ್ವರನ ಬೆಟ್ಟ ಇದೆ. ಹುಣ್ಣಿಮೆ ದಿನ ಜನವೋ ಜನ. ಮೊದಲು ನಾನೂ ಹತ್ತುತ್ತಿದ್ದೆ. ಈಗ ಹಿಮೋಗ್ಲೋಬಿನ್ ಕಮ್ಮಿ, ನಾಲ್ಕು ಮೆಟ್ಟಿಲಿಗೇ ಏದುಸಿರು. ಕೆಳಗೇ ಕೂತು ಹತ್ತುವವರನ್ನು ನೋಡುತ್ತೇನೆ. ನಾನು ಕೇಳಿಕೊಳ್ಳುವುದು ಸಣ್ಣ ಸಣ್ಣದ್ದು. ಸೂಜಿ ಒಂದೇ ಸಲಕ್ಕೆ ಸಿಗಲಿ. ನಡುವೆ ಬಿಪಿ ಬೀಳದಿರಲಿ. ಇಂಥದ್ದನ್ನು ಅವನು ಬಹಳ ಸಲ ನಡೆಸಿಕೊಟ್ಟಿದ್ದಾನೆ, ಸುಳ್ಳು ಹೇಳಬಾರದು. ಪ್ರಸಾದದ್ದೇ ತೊಂದರೆ. ಪಂಚಾಮೃತದಲ್ಲಿ ಬಾಳೆಹಣ್ಣು, ತೀರ್ಥ ಅಂದರೆ ನೀರು. ನಮ್ಮ ಬೀದಿಯ ಗುಡಿಯ ಪೂಜಾರಪ್ಪನಿಗೆ ವಿಷಯ ಗೊತ್ತಾದ ಮೇಲೆ ನನಗೆ ಹೂವು ಮಾತ್ರ ಕೊಡುತ್ತಾರೆ, ಎರಡು ಜಾಸ್ತಿಯೇ.

ಅಜ್ಜಿಯದು ಇನ್ನೂ ಗಟ್ಟಿ ಭಕ್ತಿ. ಹಾಸನಾಂಬೆ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಕೆಲವು ದಿನ ಮಾತ್ರ ತೆಗೆಯುವುದು. ಗಂಟೆಗಟ್ಟಲೆ ಸಾಲು. ಅಜ್ಜಿಗೆ ಈಗ ನಿಲ್ಲಲು ಆಗುವುದಿಲ್ಲ. ಅದಕ್ಕೆ ಬೇಜಾರಿಲ್ಲವಾ ಅಂತ ಕೇಳಿದೆ. "ಆ ತಾಯಿ ವರ್ಷಕ್ಕೊಂದ್ಸಲ ಬಾಗ್ಲು ತೆಗೀತಾಳೆ. ಈ ಮೆಷಿನಮ್ಮ ವಾರಕ್ಕೆ ಮೂರು ಸಲ ತೆಗೀತಾಳೆ. ಇವಳಿಗೆ ಸಾಲೂ ಇಲ್ಲ" ಅಂದರು.

ಸಲಹೆ ಕೊಡುವವರ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧಂಬರ್ಧ. ಕಿಡ್ನಿ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಕಲ್ಲು. ಬಾಳೆದಿಂಡಿನ ರಸ ತಂದುಕೊಟ್ಟವರಿದ್ದಾರೆ. ಬಾರ್ಲಿ ನೀರು ಬಕೆಟ್‌ಗಟ್ಟಲೆ ಕುಡಿ ಅಂದವರಿದ್ದಾರೆ. ಒಬ್ಬ ನೆಂಟರು ಚೀಲ ತುಂಬ ಕಮರಾಕ್ಷಿ ಹಣ್ಣು ತಂದಿದ್ದರು. ನಕ್ಷತ್ರದ ಹಾಗೆ ಕಾಣುವ ಆ ಹುಳಿ ಹಣ್ಣು ಕಿಡ್ನಿ ಹೋದವರಿಗೆ ವಿಷವೇ ಸರಿ. ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್, ಪ್ರಾಣಾಪಾಯದವರೆಗೆ ಹೋಗಬಹುದು. ಈ ಒಂದು ವಿಷಯ ಮಾತ್ರ ನಗೆಯಲ್ಲಿ ತೇಲಿಸಬೇಡಿ, ಮನೆಯಲ್ಲಿ ಇಂಥವರಿದ್ದರೆ ನೆನಪಿಡಿ. ನಾಟಿ ಔಷಧಿಯನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ. ನೆಂಟರಿಗೆ ಬೇಜಾರಾಗದ ಹಾಗೆ ನಾನು ಹಣ್ಣಿನ ಚೀಲ ಇಸ್ಕೊಂಡೆ. ಅವರು ಹೋದ ಮೇಲೆ ಹೆಂಡತಿ ಉಪ್ಪಿನಕಾಯಿ ಹಾಕಿ ತವರಿಗೆ ಕಳಿಸಿದಳು.

ಕಿಡ್ನಿ ಕಸಿಗೆ ಅಂತ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿದ್ದೇನೆ. ಮೆದುಳು ನಿಷ್ಕ್ರಿಯವಾದವರ ಮನೆಯವರು ಒಪ್ಪಿ ಕೊಟ್ಟ ಅಂಗಾಂಗಗಳನ್ನು ನಮ್ಮ ರಾಜ್ಯದಲ್ಲಿ ಅದರ ಮೂಲಕವೇ ಹಂಚುವುದು. ಪಟ್ಟಿ ಉದ್ದ ಇದೆ. ಒಬ್ಬರ ಮನೆಯಲ್ಲಿ ಸಾವಾದರೆ ತಾನೇ ನನ್ನ ಸರದಿ ಬರೋದು, ಅದನ್ನು ದೇವರಲ್ಲಿ ಹೇಗೆ ಕೇಳೋದು? ಹಾಗಾಗಿ ಅದೊಂದನ್ನು ಕೇಳಿಲ್ಲ.

ಇತ್ತೀಚೆಗೆ ನಮ್ಮ ಪಾಳಿಗೆ ಒಬ್ಬ ಕಾಲೇಜು ಹುಡುಗ ಬಂದ. ಕುತ್ತಿಗೆಯಲ್ಲಿ ಡಯಾಲಿಸಿಸ್ ಪೈಪು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವನಮ್ಮ ಹೊರಗೆ ಕೂತು ಅಳುತ್ತಿದ್ದರು. ಧೈರ್ಯವಾಗಿರು ಅಂತ ನಾವ್ಯಾರೂ ಹೇಳಲಿಲ್ಲ. ಅಜ್ಜಿ, "ಏನ್ ಮಗಾ, ತೂಕ ಎಷ್ಟು?" ಅಂದರು. ಅವನು ಸಣ್ಣ ದನಿಯಲ್ಲಿ ಮೂರು ಕೇಜಿ ಏರಿದೆ ಅಂದ. "ಫೇಲು" ಅಂದರು ಮೇಷ್ಟ್ರು. ಹುಡುಗ ತಲೆ ಎತ್ತಿ ನೋಡಿದ. ಅವನ ಕೈಗೆ ಫಿಸ್ಟುಲಾ ಆಪರೇಷನ್ ಆದ ಮೇಲೆ ನರ ಗಟ್ಟಿಯಾಗಲಿ ಅಂತ ರಬ್ಬರ್ ಚೆಂಡು ಹಿಸುಕಲು ಡಾಕ್ಟರು ಹೇಳಿದ್ದರು. ಈಗ ಚೆಂಡು ಹಿಸುಕುತ್ತಲೇ ಮೇಷ್ಟ್ರ ಹತ್ತಿರ ಲೆಕ್ಕ ಹೇಳಿಸಿಕೊಳ್ಳುತ್ತಾನೆ. ಹೋದ ವಾರ ನನಗೂ ಅಜ್ಜಿಗೂ ಜಗಳ ಹಚ್ಚಿದ್ದು ಅವನೇ.

ಜಗಳ ಗಣೇಶನ ಹಬ್ಬದ ಕಡುಬಿನದು. ಹೂರಣದಲ್ಲಿ ಕಾಯಿ, ಬೆಲ್ಲ ಎರಡೂ ಇರುತ್ತದೆ. ಅಜ್ಜಿಯ ಪ್ರಕಾರ ನಮ್ಮಂಥವರಿಗೆ ಒಂದೇ ಕಡುಬು. ನಾನು ಮೂರು ಕೇಳಿದೆ. ಹುಡುಗ ಚಿಕ್ಕ ಸೈಜಿನದಾದರೆ ನಾಲ್ಕು ಅಂತ ಎತ್ತಿಕಟ್ಟಿದ. ಡಯಟ್ ಮೇಡಂ ಎರಡು ಅಂದಿದ್ದಾರೆ. ಅದೂ ಹಬ್ಬದ ಹಿಂದಿನ ಪಾಳಿಯಲ್ಲಿ ಯಾರು ಪಾಸಾಗುತ್ತಾರೋ ಅವರಿಗೆ ಮಾತ್ರ ಅಂತ ಮೇಷ್ಟ್ರು ಷರತ್ತು ಹಾಕಿದ್ದಾರೆ. ನಾನೀಗ ಒಂದೂಮುಕ್ಕಾಲು ಕೇಜಿಯಲ್ಲಿದ್ದೇನೆ. ಹುಡುಗ ಇನ್ನೂ ಎರಡೂಕಾಲು.