ಉಳಿಸಲಾ, ಖರ್ಚು ಮಾಡಲಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುವವಳು. ಪೇ ಸ್ಲಿಪ್, ಪಿಎಫ್, ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ), ಅದರ ಪ್ರಮಾಣಪತ್ರವಾದ ಫಾರ್ಮ್ 16 ಇವೇ ನನ್ನ ದಿನದ ಕೆಲಸ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಒಂದಲ್ಲ ಒಂದು ದಿನ ನನ್ನ ಟೇಬಲ್ ಹತ್ತಿರ ಬಂದು ಕೇಳುತ್ತಾರೆ: "ಮೇಡಂ, ಮನೇಲಿ ದುಡ್ಡು ಉಳಿಸು ಅಂತಾರೆ. ಫ್ರೆಂಡ್ಸ್ ನೋಡಿದ್ರೆ, ಈ ವಯಸ್ಸಲ್ಲಿ ಅಲ್ದೆ ಇನ್ಯಾವಾಗ ಖರ್ಚು ಮಾಡ್ತೀಯ ಅಂತಾರೆ. ಯಾರ ಮಾತು ಕೇಳ್ಲಿ?" ನನಗೆ ವೀಣೆ ಅಂದರೆ ಜೀವ, ಅದಕ್ಕೆ ಕೈಬಿಚ್ಚಿ ಖರ್ಚು ಮಾಡುತ್ತೇನೆ ಅನ್ನೋದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ನನ್ನನ್ನು ಕೇಳುತ್ತಾರೆ ಅನ್ನಿಸುತ್ತದೆ.

ನನ್ನ ಉತ್ತರ ಇಷ್ಟೇ. ಎರಡಕ್ಕೂ ಸಂಬಳ ಬಂದ ದಿನವೇ ದುಡ್ಡು ಎತ್ತಿಡಿ. ಉಳಿತಾಯವನ್ನು ಮೊದಲು ಎತ್ತಿಡಬೇಕು ಅಂತ ಎಲ್ಲ ಕಡೆ ಕೇಳಿರುತ್ತೀರಿ. ಇಷ್ಟದ ಖರ್ಚನ್ನೂ ಹಾಗೇ ಮೊದಲು ಎತ್ತಿಡಿ ಅನ್ನುತ್ತೇನೆ ನಾನು. ತಿಂಗಳ ಕೊನೆಗೆ ಮಿಕ್ಕರೆ ನೋಡೋಣ ಅಂತ ಬಿಟ್ಟರೆ ಎರಡೂ ಆಗುವುದಿಲ್ಲ.

ಒಬ್ಬ ಹುಡುಗನ ಲೆಕ್ಕ ಹೇಳುತ್ತೇನೆ. ಅವನಿಗೆ ಸೈಕಲ್ ಅಂದರೆ ಪ್ರಾಣ. ನಂದಿ ಬೆಟ್ಟಕ್ಕೆ ಸೈಕಲ್ ಹತ್ತಿಸುವ ಮಾತು ಬಂದರೆ ಕಣ್ಣು ಅರಳುತ್ತದೆ. "ಒಳ್ಳೆ ಸೈಕಲ್ ತಗೊಳ್ಳೋಕೆ ದುಡ್ಡೇ ಆಗ್ತಿಲ್ಲ ಮೇಡಂ, ಉಳಿತಾಯನೂ ಆಗ್ತಿಲ್ಲ" ಅಂದ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ ಇಬ್ಬರೂ ಕೂತು ನೋಡಿದೆವು. ಸಾಲಾಗಿ ಯುಪಿಐ. 149, 230, 89, 312. ಊಟದ ಆ್ಯಪ್, ಆಟೋ, ನೋಡದೇ ಇರುವ ಓಟಿಟಿಯ ಚಂದಾ, ಮತ್ತೆ ಊಟದ ಆ್ಯಪ್. ಒಂದೊಂದು ಸಾಲಿನ ಮುಂದೂ ಪೆನ್ನಿಟ್ಟು "ಇದು ನೆನಪಿದೆಯಾ? ಇದರಿಂದ ಖುಷಿಯಾಯ್ತಾ?" ಅಂತ ಕೇಳುತ್ತಾ ಹೋದೆ. ಅರ್ಧಕ್ಕಿಂತ ಜಾಸ್ತಿ ಅವನಿಗೆ ನೆನಪೇ ಇರಲಿಲ್ಲ. ಮೂರು ತಿಂಗಳಲ್ಲಿ ಸೈಕಲ್ ಹೆಸರಿನಲ್ಲಿ ಒಂದು ರೂಪಾಯಿಯೂ ಹೋಗಿರಲಿಲ್ಲ, ಒಂದು ಟ್ಯೂಬ್ ಕೂಡ ಕೊಂಡಿರಲಿಲ್ಲ.

ಉಳಿತಾಯಕ್ಕೂ ಇಷ್ಟದ ಖರ್ಚಿಗೂ ಜಗಳ ಇದೆ ಅಂತ ನಾವು ತಿಳಿದುಕೊಂಡಿದ್ದೇವೆ. ನಾನು ನೋಡಿದ ಮಟ್ಟಿಗೆ ಆ ಜಗಳ ಇರುವುದು ಕಡಿಮೆ. ಎರಡನ್ನೂ ತಿಂದು ಹಾಕುವುದು ಮೂರನೆಯದು. ಬೇಕಾದ್ದೂ ಅಲ್ಲ, ಇಷ್ಟವಾದದ್ದೂ ಅಲ್ಲ, ಸುಮ್ನೆ ಕೈ ಜಾರಿ ಹೋದ ದುಡ್ಡು. ಆ ಹುಡುಗ ಸೈಕಲ್‌ಗೆ ಅಂತಲೇ ತಿಂಗಳಿಗೆ ಎರಡು ಸಾವಿರದ ಆರ್‌ಡಿ (ಪ್ರತಿ ತಿಂಗಳು ಕಟ್ಟುವ ಬ್ಯಾಂಕ್ ಠೇವಣಿ) ಮಾಡಿಸಿದ. ಅಷ್ಟೇ ದುಡ್ಡನ್ನು ಉಳಿತಾಯಕ್ಕೂ ಹಾಕಿದ. ಊಟದ ಆ್ಯಪ್ ತೆಗೆದು ಹಾಕು ಅಂತ ನಾನು ಹೇಳಲಿಲ್ಲ. ಕೈಯಲ್ಲಿ ದುಡ್ಡು ಕಡಿಮೆಯಾದ ಮೇಲೆ ಅದು ತಾನಾಗಿಯೇ ಕಡಿಮೆಯಾಯಿತು.

ಇದು ನಮ್ಮವರಿಗೆ ಹೊಸದೇನಲ್ಲ. ಹಳೇ ಮೈಸೂರು ಕಡೆ ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಮಾಂಸದ ಚೀಟಿ ಹಾಕುತ್ತಾರಲ್ವಾ? ವರ್ಷವಿಡೀ ತಿಂಗಳಿಗಿಷ್ಟು ಅಂತ ಕಟ್ಟಿ, ಆ ಒಂದು ದಿನ ಯಾರ ಹತ್ತಿರವೂ ಸಾಲ ಮಾಡದೆ ಮನೆ ತುಂಬ ನೆಂಟರನ್ನು ಕೂರಿಸಿ ಉಣ್ಣುತ್ತಾರೆ. ದೀಪಾವಳಿಗೆ ಪಟಾಕಿ ಚೀಟಿ, ಹೆಂಗಸರಲ್ಲಿ ಸೀರೆ ಚೀಟಿ. ಇವೆಲ್ಲ ಖುಷಿಗೋಸ್ಕರ ಮಾಡಿದ ಉಳಿತಾಯವೇ. ಚೀಟಿ ನಡೆಸುವವರು ದುಡ್ಡಿನ ಸಮೇತ ಊರು ಬಿಟ್ಟ ಕಥೆಗಳೂ ಬೇಕಾದಷ್ಟಿವೆ. ಅದಕ್ಕೇ ನಾನು ಬ್ಯಾಂಕಿನ ಆರ್‌ಡಿ ಅನ್ನುತ್ತೇನೆ. ಒಂದು ವರ್ಷಕ್ಕೋ ಎರಡು ವರ್ಷಕ್ಕೋ, ಬೇಕಾದ ಅವಧಿಗೆ ಮಾಡಿಸಬಹುದು. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆಯೂ ಇದೆ.

ನನ್ನ ವೀಣೆ ಬಂದದ್ದೂ ಹಾಗೇ. ಆದರೆ ವೀಣೆ ಕೊಂಡರೆ ಮುಗಿಯಲಿಲ್ಲ. ಅದರ 24 ಮೆಟ್ಟಿಲುಗಳನ್ನು, ಅಂದರೆ ತಂತಿ ಒತ್ತಿ ಸ್ವರ ಹಿಡಿಯುವ ಪಟ್ಟಿಗಳನ್ನು, ಮೇಣದ ಮೇಲೆ ಕೂರಿಸಿರುತ್ತಾರೆ. ನುಡಿಸುತ್ತಾ ನುಡಿಸುತ್ತಾ, ಬೇಸಿಗೆಯ ಕಾವಿಗೆ, ಮೇಣ ಸಡಿಲವಾಗಿ ಸ್ವರ ಸರಿಯುತ್ತದೆ. ಕೆಲವು ವರ್ಷಕ್ಕೊಮ್ಮೆ ಬಲ್ಲವರ ಹತ್ತಿರ ಹೊಸದಾಗಿ ಮೇಳ ಕಟ್ಟಿಸಬೇಕು. ಅವರು ಹಳೇ ಮೇಣವನ್ನೆಲ್ಲ ಕೆತ್ತಿ ತೆಗೆದು, ಹೊಸದನ್ನು ಹಾಕಿ, ಒಂದೊಂದೇ ಮೆಟ್ಟಿಲನ್ನು ಕಿವಿಯಿಟ್ಟು ಕೂರಿಸುವುದನ್ನು ನೋಡುತ್ತಾ ಕೂರುವುದೇ ಒಂದು ಸುಖ. ಜೊತೆಗೆ ತಂತಿ, ಮೇಷ್ಟ್ರ ಫೀಸು. ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಕಛೇರಿಗಳು ನಡೆಯುತ್ತವಲ್ಲ, 1939ರಲ್ಲಿ ಶುರುವಾದ ಸಂಗೀತೋತ್ಸವ, ಅದರ ಸೀಸನ್ ಟಿಕೆಟ್. ಇಷ್ಟದ್ದಕ್ಕೆ ದುಡ್ಡು ಎತ್ತಿಡುವಾಗ ಕೊಳ್ಳುವ ಬೆಲೆಯನ್ನಷ್ಟೇ ಲೆಕ್ಕ ಹಾಕಬೇಡಿ. ಸಾಕುವ ಖರ್ಚನ್ನೂ ಸೇರಿಸಿ. ಅದಿಲ್ಲದೆ ಎಷ್ಟೋ ಮನೆಗಳಲ್ಲಿ ಕ್ಯಾಮೆರಾ, ಕೀಬೋರ್ಡು, ಟ್ರೆಡ್‌ಮಿಲ್ ಧೂಳು ಹಿಡಿದು ಕೂತಿವೆ.

ಇನ್ನು ಉಳಿತಾಯ. ಕೆಲವು ವರ್ಷದ ಹಿಂದೆ ಜನವರಿ ಬಂತೆಂದರೆ ಎಲ್‌ಐಸಿ ರಸೀದಿ, ಪಿಪಿಎಫ್ (ಸರ್ಕಾರದ 15 ವರ್ಷದ ಉಳಿತಾಯ ಯೋಜನೆ) ಪಾಸ್‌ಬುಕ್ಕಿನ ಜೆರಾಕ್ಸ್ ಹಿಡಿದು ನನ್ನ ಮುಂದೆ ಜನ ಸಾಲು ನಿಲ್ಲುತ್ತಿದ್ದರು. ಆದಾಯ ತೆರಿಗೆ ಕಾನೂನಿನ 80ಸಿ ಅಡಿ ಒಂದೂವರೆ ಲಕ್ಷದವರೆಗಿನ ಉಳಿತಾಯಕ್ಕೆ ತೆರಿಗೆ ರಿಯಾಯಿತಿ ಇತ್ತಲ್ಲ, ಅದು ಎಲ್ಲರನ್ನೂ ಉಳಿತಾಯದ ಕಡೆ ತಳ್ಳುತ್ತಿತ್ತು. 2023–24ರಿಂದ ಹೊಸ ತೆರಿಗೆ ಪದ್ಧತಿಯೇ ಡೀಫಾಲ್ಟ್, ಹಳೆಯದೇ ಬೇಕು ಅಂತ ಹೇಳದಿದ್ದರೆ ಅದರಲ್ಲೇ ಲೆಕ್ಕ. ಅದರಲ್ಲಿ ಆ ರಿಯಾಯಿತಿ ಇಲ್ಲ. 2025–26ಕ್ಕೆ ಸಂಬಳದವರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ತೆರಿಗೆಯೇ ಇಲ್ಲ ಅಂತಾಯಿತು. ಒಳ್ಳೆಯದೇ. ಆದರೆ ನನ್ನ ಮುಂದಿನ ಸಾಲು ಕರಗಿತು, ಅದರ ಜೊತೆ ಎಷ್ಟೋ ಹುಡುಗರ ಉಳಿತಾಯವೂ ಕರಗಿತು. "ಟ್ಯಾಕ್ಸ್ ಉಳಿಯಲ್ಲ ಅಂದ್ಮೇಲೆ ಪಿಪಿಎಫ್ ಯಾಕೆ ಮೇಡಂ?" ಅನ್ನುತ್ತಾರೆ. ಯಾಕೆ ಅಂದರೆ, ತಿಂಗಳಿಗೆ ಐದು ಸಾವಿರದ ಹಾಗೆ 15 ವರ್ಷ ಕಟ್ಟಿದರೆ ನೀವು ಹಾಕಿದ್ದು 9 ಲಕ್ಷ, ಶೇ 7.1ರ ಬಡ್ಡಿಯಲ್ಲಿ ಕೈಗೆ ಬರುವುದು ಸುಮಾರು 15.75 ಲಕ್ಷ. ತೆರಿಗೆ ಉಳಿಯಲಿ ಬಿಡಲಿ, ಆ ದುಡ್ಡು ನಿಮ್ಮದು ತಾನೇ?

ಪಿಎಫ್ ಬಗ್ಗೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಬೇಸಿಕ್ ಸಂಬಳದ ಶೇ 12 ನಿಮ್ಮಿಂದ, ಅಷ್ಟೇ ಕಂಪನಿಯಿಂದ. ಕಂಪನಿ ಪಾಲಿನಲ್ಲಿ ಒಂದು ಭಾಗ ಪಿಂಚಣಿಗೆ ಹೋಗುತ್ತದೆ. ಕಣ್ಣಿಗೆ ಕಾಣದೆ ಬೆಳೆಯುವ ಉಳಿತಾಯ ಇದು. ಕೆಲಸ ಬದಲಿಸಿದಾಗ ಯುಎಎನ್ (ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ಮೂಲಕ ಹೊಸ ಕಂಪನಿಗೆ ವರ್ಗಾಯಿಸಿದರೆ ಸಾಕು. ಅದನ್ನು ಬಿಟ್ಟು ಪ್ರತಿ ಸಲ ತೆಗೆದು ಫೋನ್ ಕೊಳ್ಳುವವರನ್ನು ನೋಡುತ್ತಲೇ ಇರುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಸೈಕಲ್, ವೀಣೆ, ಪಿಪಿಎಫ್ ಎಲ್ಲ ಆಮೇಲೆ. ತಿಂಗಳಿಗೆ ಶೇ 3.5 ಬಡ್ಡಿ ಅಂದರೆ ವರ್ಷಕ್ಕೆ ಶೇ 42. ಮೇಲೆ ಜಿಎಸ್‌ಟಿ ಬೇರೆ. ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಮಾತ್ರ ಕಟ್ಟಿದರೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ. ಅದನ್ನು ತೀರಿಸಿ, ಮೂರ್ನಾಲ್ಕು ತಿಂಗಳ ಮನೆ ಖರ್ಚನ್ನು ಪಕ್ಕಕ್ಕಿಡಿ. ಇದರಲ್ಲಿ ಚೌಕಾಸಿ ಇಲ್ಲ.

ತದ್ವಿರುದ್ಧದವರೂ ಇದ್ದಾರೆ. ನಮ್ಮಲ್ಲೇ ನಿವೃತ್ತರಾದ ಹಿರಿಯರೊಬ್ಬರು ಪಿಎಫ್, ಗ್ರಾಚ್ಯುಟಿಯಲ್ಲಿ ಬಂದದ್ದನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟಿದ್ದಾರೆ. ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ, ಬಂದ ದಿನವೇ ಅದನ್ನು ಇನ್ನೊಂದು ಎಫ್‌ಡಿಗೆ ಹಾಕುತ್ತಾರೆ. "ಸಾರ್, ನಿಮಗೋಸ್ಕರ ಏನಾದರೂ ಖರ್ಚು ಮಾಡಿ" ಅಂದೆ. "ಮನಸ್ಸೇ ಬರಲ್ಲಮ್ಮ. ಗೌರೀಕುಂಡದಿಂದ ಕೇದಾರಕ್ಕೆ ನಡೆದೇ ಹೋಗಬೇಕು ಅಂತಿತ್ತು. ಈಗ ದುಡ್ಡಿದೆ, ಮಂಡಿ ಕೇಳಲ್ಲ. ಹೆಲಿಕಾಪ್ಟರ್‌ನಲ್ಲಿ ಹೋಗಿ ಬಾ ಅಂತಾನೆ ಮಗ, ನನಗೆ ಆಸೆ ಇದ್ದದ್ದು ನಡೆಯೋದಕ್ಕೆ" ಅಂದರು. ಆ ದಾರಿ ಸುಮಾರು 16 ಕಿಲೋಮೀಟರ್ ಏರು. ಕೆಲವು ಆಸೆಗಳಿಗೆ ವಯಸ್ಸಿನ ಮಿತಿ ಇರುತ್ತದೆ, ಅವನ್ನು ಮುಂದೂಡಬಾರದು. ಕೆಲವಕ್ಕೆ ಇಲ್ಲ. ನಾನು ಅರವತ್ತಕ್ಕೂ ವೀಣೆ ನುಡಿಸಬಲ್ಲೆ, ಬೆಟ್ಟ ಹತ್ತುವವರು ಮಾತ್ರ ಈಗಲೇ ಹೊರಡಬೇಕು. ಖರ್ಚು ಮಾಡುವುದೂ ರೂಢಿಯಿಂದ ಬರುವುದು. ನಲವತ್ತು ವರ್ಷ ಬಿಗಿಹಿಡಿದ ಕೈ ನಿವೃತ್ತಿಯ ಮರುದಿನ ಬಿಚ್ಚಿಕೊಳ್ಳುವುದಿಲ್ಲ.

ಮದುವೆಯಾದವರಿಗೆ ಒಂದು ಮಾತು. ಗಂಡನಿಗೂ ಹೆಂಡತಿಗೂ ತಿಂಗಳಿಗೆ ಇಷ್ಟು ಅಂತ ಲೆಕ್ಕ ಕೇಳದ ದುಡ್ಡು ಇರಲಿ. ಇಬ್ಬರಿಗೂ ಸಮ. ನಮ್ಮ ಯಜಮಾನರು ಅದರಲ್ಲಿ ಗಿಡ ಕೊಳ್ಳುತ್ತಾರೆ, ನಾನು ತಂತಿ ಕೊಳ್ಳುತ್ತೇನೆ. "ಮತ್ತೆ ಇದ್ಯಾಕೆ?" ಅನ್ನುವ ಪ್ರಶ್ನೆ ನಮ್ಮಲ್ಲಿ ಇಲ್ಲ.

ಊರಲ್ಲಿ ಅಪ್ಪನ ಸಾಲ, ತಂಗಿಯ ಓದು, ಇಲ್ಲಿ ಪಿಜಿ ಬಾಡಿಗೆ, ಇಷ್ಟನ್ನೂ ಇಪ್ಪತ್ತು ಸಾವಿರದಲ್ಲಿ ತೂಗಿಸುವವರಿಗೆ ನಾನು ಈ ಲೆಕ್ಕ ಹೇಳುವುದಿಲ್ಲ. ಅವರು ಆಗಲೇ ಬೇರೆಯವರಿಗೋಸ್ಕರ ಉಳಿಸುತ್ತಿದ್ದಾರೆ. ಅವರಿಗೆ ಹೇಳುವುದು ಒಂದೇ, ಇನ್ನೂರು ರೂಪಾಯಿ ಆದರೂ ಸರಿ, ನಿಮ್ಮ ಹೆಸರಿನಲ್ಲಿ ಇಡಿ. ಅದರಲ್ಲಿ ಸಿನಿಮಾ ನೋಡಿ, ಪುಸ್ತಕ ಕೊಳ್ಳಿ. ತಪ್ಪೇನೂ ಇಲ್ಲ.

ಎಷ್ಟು ಉಳಿಸಲಿ, ಎಷ್ಟು ಖರ್ಚು ಮಾಡಲಿ ಅಂತ ಶೇಕಡಾವಾರು ಕೇಳುವವರೂ ಇದ್ದಾರೆ. ಬಾಡಿಗೆ ಮನೆಯವರಿಗೂ ಸ್ವಂತ ಮನೆಯವರಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಈಗ ಆಗುವಷ್ಟರಿಂದ ಶುರು ಮಾಡಿ. ಇನ್‌ಕ್ರಿಮೆಂಟ್ ಬಂದ ತಿಂಗಳು ಮಾತ್ರ ತಪ್ಪಿಸಬೇಡಿ. ನಾಲ್ಕು ಸಾವಿರ ಹೆಚ್ಚಿದರೆ ಎರಡು ಸಾವಿರ ಉಳಿತಾಯಕ್ಕೆ, ಒಂದು ಸಾವಿರ ನಿಮ್ಮ ಇಷ್ಟದ್ದಕ್ಕೆ, ಮಿಕ್ಕಿದ್ದು ಮನೆಗೆ. ಆ ಸಂಬಳ ಕೈಗೆ ರೂಢಿಯಾಗುವ ಮೊದಲೇ ಬ್ಯಾಂಕಿಗೆ ಹೇಳಿ ಪ್ರತಿ ತಿಂಗಳು ತಾನಾಗಿಯೇ ಹೋಗುವಂತೆ ಮಾಡಿಸಿ. ಪಿಪಿಎಫ್‌ಗಾದರೆ 5ನೇ ತಾರೀಖಿನೊಳಗೆ ಹೋಗಲಿ, 6ಕ್ಕೆ ಹೋದರೆ ಆ ತಿಂಗಳ ಬಡ್ಡಿ ಆ ದುಡ್ಡಿಗೆ ಸಿಗುವುದಿಲ್ಲ.