ಅಯೋವಾದ ಅಜ್ಜಿ ಬರೆದಿಟ್ಟ ಮೊಟ್ಟೆ ಲೆಕ್ಕ

ಶಿಕಾಗೋದಿಂದ ಬೆಳಿಗ್ಗೆ ಆರಕ್ಕೇ ಹೊರಟೆವು. ಕಾರು ಓಡಿಸುತ್ತಿದ್ದವನು ನನ್ನ ಅಕ್ಕನ ಮಗ. ಪಕ್ಕದಲ್ಲಿ ಅವನ ಹೆಂಡತಿ, ಅಮೆರಿಕದ ಹುಡುಗಿ. ಅವಳ ಅಜ್ಜಿ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. 1927ರಲ್ಲಿ ಹುಟ್ಟಿದವರು, 97 ವರ್ಷ ತುಂಬು ಬಾಳು. ಆಗ ಹಿಮ ಬಿದ್ದು ದೂರದವರಿಗೆ ಬರಲು ಆಗಿರಲಿಲ್ಲ. ಜುಲೈನಲ್ಲಿ ಎಲ್ಲರೂ ಹಳೇ ಮನೆಯಲ್ಲಿ ಸೇರೋಣ ಎಂದು ಮಕ್ಕಳು, ಮೊಮ್ಮಕ್ಕಳು ಮಾತಾಡಿಕೊಂಡಿದ್ದರು. "ಚಿಗವ್ವ, ನೀನೂ ಬಾ. ನಮ್ಮ ಕಡೆಯವರು ಅಂತ ಒಬ್ಬರಾದ್ರೂ ಇರಲಿ" ಅಂದ. ಹಾವೇರಿಯಿಂದ ಅವನ ಮನೆಗೆ ಬಂದು ಆಗಿನ್ನೂ ಹತ್ತು ದಿನ ಆಗಿತ್ತು.

ಡುಬ್ಯೂಕ್‌ನಲ್ಲಿ ಮಿಸಿಸಿಪ್ಪಿ ದಾಟಿದೆವು. ಎಷ್ಟೋ ವರ್ಷ ಮಕ್ಕಳಿಗೆ ನಕ್ಷೆಯಲ್ಲಿ ಕೋಲಿಟ್ಟು ತೋರಿಸಿದ ನದಿ ಅದು. ಸೇತುವೆ ಮುಗಿಯುವವರೆಗೂ ನಾನು ಮಾತಾಡಲಿಲ್ಲ. ನದಿಯ ಆಚೆ ದಡವೇ ಅಯೋವಾ ರಾಜ್ಯ. ಅಲ್ಲೆಲ್ಲಾ ಚಪ್ಪಟೆ ನೆಲ ಎಂದು ಕೇಳಿದ್ದೆ. ಈ ಈಶಾನ್ಯ ಮೂಲೆ ಹಾಗಿಲ್ಲ. ಹಿಮಯುಗದ ಕೊನೆಯ ಹಿಮನದಿಗಳು ಈ ಭಾಗವನ್ನು ಬಿಟ್ಟು ಪಕ್ಕಕ್ಕೆ ಹಾದುಹೋದವಂತೆ. ಅದಕ್ಕೇ ಗುಡ್ಡ, ಕಣಿವೆ, ಸುಣ್ಣಕಲ್ಲಿನ ಬಂಡೆ ಎಲ್ಲ ಹಾಗೇ ಉಳಿದಿವೆ. ಗುಡ್ಡದ ಮೈಗೆ ಪಟ್ಟೆ ಎಳೆದ ಹಾಗೆ ಗೋವಿನಜೋಳ, ಸೋಯಾ, ಮೇವಿನ ಹುಲ್ಲು. ಗೋವಿನಜೋಳ ಆಳೆತ್ತರ ಬೆಳೆದಿತ್ತು. ನಮ್ಮ ಹಾವೇರಿ ಹೊಲಗಳೇ ಕಣ್ಣಿಗೆ ಬಂದವು. ಆದರೆ ಮೈಲಿಗಟ್ಟಲೆ ಹೋದರೂ ಹೊಲದಲ್ಲಿ ಒಬ್ಬ ಮನುಷ್ಯ ಕಾಣಲಿಲ್ಲ. ನನಗೆ ಅದು ಒಗ್ಗಲೇ ಇಲ್ಲ.

ಡೆಕೋರಾ ಹತ್ತಿರದ ಅಜ್ಜಿಯ ಊರಿಗೆ ಮುಟ್ಟಿದಾಗ ಮಧ್ಯಾಹ್ನ. ಮೊದಲು ಚರ್ಚಿಗೆ ಹೋದೆವು. ಬಿಳಿ ಬಣ್ಣದ ಮರದ ಕಟ್ಟಡ, ಮೂರು ಕಡೆ ಗೋವಿನಜೋಳ. 1850ರ ಆಸುಪಾಸಿನಲ್ಲಿ ನಾರ್ವೆಯಿಂದ ಬಂದವರು ನೆಲೆಸಿದ ಸೀಮೆ ಇದು. ಸಮಾಧಿ ಕಲ್ಲುಗಳ ಮೇಲೆ 'ಸನ್' ಎಂದು ಮುಗಿಯುವ ಹೆಸರುಗಳೇ ಜಾಸ್ತಿ. ಪ್ರಾರ್ಥನೆ ಅರ್ಧ ಗಂಟೆಯಲ್ಲಿ ಮುಗಿಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಊರಿನ ಹೆಂಗಸರೇ ಊಟ ಬಡಿಸಿದರು. ನಾನು ಮಾಂಸ ತಿನ್ನುವುದಿಲ್ಲ ಎಂದು ಯಾರೋ ಮೊದಲೇ ಹೇಳಿದ್ದರು. ಒಬ್ಬ ಅಜ್ಜಿ ನನಗೆಂದೇ ಆಲೂಗಡ್ಡೆ ಸಲಾಡಿನ ಬಟ್ಟಲು ಬೇರೆ ತೆಗೆದಿಟ್ಟಿದ್ದರು.

ಆಮೇಲೆ ಮನೆ. ನಾನು ಬರೆಯಬೇಕು ಅಂದುಕೊಂಡಿದ್ದು ಇದರ ಬಗ್ಗೆಯೇ.

ಅಡಿಗೆಮನೆಯ ಮೇಜಿನ ಮೇಲೆ ಅಜ್ಜಿಯ ಲೆಕ್ಕದ ಪುಸ್ತಕಗಳನ್ನು ಸಾಲಾಗಿ ಇಟ್ಟಿದ್ದರು. 1948ರಲ್ಲಿ ಮದುವೆಯಾದ ವಾರದಿಂದ ಶುರು. ದಿನಕ್ಕೆ ಒಂದೇ ಸಾಲು, ಪೆನ್ಸಿಲ್ಲಿನಲ್ಲಿ. ಮೊದಲು ಮೊಟ್ಟೆ ಎಷ್ಟು, ಆಮೇಲೆ ಹವೆ ಹೇಗಿತ್ತು, ಜಾಗ ಉಳಿದರೆ ಮನುಷ್ಯರ ಸುದ್ದಿ. ಆಗಿನ ಕಾಲಕ್ಕೆ ಹೊಲದ ದುಡ್ಡು ಬೀಜಕ್ಕೆ, ಯಂತ್ರಕ್ಕೆ, ಸಾಲಕ್ಕೆ ಹೋಗುತ್ತಿತ್ತು. ಮೊಟ್ಟೆ, ಕೆನೆ ಮಾರಿದ ದುಡ್ಡು ಹೆಂಗಸರದ್ದು. ಸಕ್ಕರೆ, ಕಾಫಿಪುಡಿ, ಮಕ್ಕಳ ಬೂಟು ಎಲ್ಲ ಅದರಲ್ಲೇ. ನಮ್ಮವ್ವ ಸಂತೆಗೆ ಬೆಣ್ಣೆ ಕಳಿಸಿಯೇ ನಮಗೆ ಪಾಟಿ ಕೊಡಿಸಿದ್ದು. ಆ ಅಂಕಿಗಳನ್ನು ನೋಡಿದ ಕೂಡಲೇ ನನಗೆ ಎಲ್ಲ ಅರ್ಥವಾಯಿತು.

ಬಂದವರೆಲ್ಲ ಮೊದಲು ಹುಡುಕಿದ್ದು ತಾವು ಹುಟ್ಟಿದ ದಿನದ ಸಾಲು. ಅಜ್ಜಿಯ ಹಿರಿಮಗಳಿಗೆ ಎಪ್ಪತ್ತು ದಾಟಿದೆ. ತಮ್ಮ ಸಾಲನ್ನು ಬೆರಳಿಟ್ಟು ನನಗೆ ಓದಿ ಹೇಳಿದರು: "ಮೊಟ್ಟೆ 112. ಗಾಳಿ. ಹೆಣ್ಣು ಮಗು." ಅಕ್ಷರ ಮಾತ್ರ ಬೇರೆ, ದಪ್ಪ, ಓರೆ. ಆಸ್ಪತ್ರೆಯಲ್ಲಿ ಮಲಗಿದ್ದ ಅಜ್ಜಿ ಲೆಕ್ಕ ತಪ್ಪಿಸಬೇಡ ಎಂದು ಗಂಡನಿಗೆ ಹೇಳಿ ಕಳಿಸಿದ್ದರಂತೆ. ಅಪ್ಪನ ಕೈಯಕ್ಷರ ಮನೆಯಲ್ಲಿ ಜಾಸ್ತಿ ಉಳಿದಿಲ್ಲ. ಆ ಪುಟವನ್ನು ಅವರು ಬಹಳ ಹೊತ್ತು ಮುಚ್ಚಲಿಲ್ಲ.

ಕರೆಂಟು ಬಂದ ಕಥೆಯನ್ನು ಹಿರಿಮಗ ಹೇಳಿದರು. 1930ರ ದಶಕದ ನಡುವಿನಲ್ಲಿ ಅಮೆರಿಕದ ಹತ್ತು ಹೊಲದ ಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಹಳ್ಳಿಗೆ ತಂತಿ ಎಳೆದರೆ ಲಾಭವಿಲ್ಲ ಎಂದು ಕಂಪನಿಗಳು ಬರುತ್ತಿರಲಿಲ್ಲ. 1936ರ ಗ್ರಾಮೀಣ ವಿದ್ಯುತ್ ಕಾಯ್ದೆಯಿಂದ ಸರ್ಕಾರದ ಸಾಲ ಸಿಕ್ಕಿತು. ರೈತರು ಐದು ಡಾಲರ್ ಕಟ್ಟಿ ಸಹಕಾರ ಸಂಘ ಮಾಡಿಕೊಂಡು ತಾವೇ ಕಂಬ ನಿಲ್ಲಿಸಿದರು. ಅವರ ಮನೆಗೆ ಕರೆಂಟು ಬಂದಾಗ ಅಜ್ಜಿಗೆ ಹನ್ನೆರಡು ವರ್ಷ. ಮೊದಲ ರಾತ್ರಿ ದೀಪ ಹತ್ತಿದಾಗ ಅಜ್ಜಿಯ ತಾಯಿ ಕಂಡದ್ದು ಗೋಡೆಯ ಮೇಲಿನ ಸೀಮೆಎಣ್ಣೆ ಮಸಿ. ಇಷ್ಟು ವರ್ಷ ಇದರಲ್ಲೇ ಇದ್ದೆವಾ ಎಂದು ಅತ್ತುಬಿಟ್ಟರಂತೆ. ಮಾರನೇ ದಿನ ತಾಯಿ ಮಗಳು ಸೇರಿ ಇಡೀ ಮನೆ ತೊಳೆದರು.

ಎಲ್ಲ ಸಾಲುಗಳೂ ಹೀಗೆ ನಗುನಗುತ್ತಾ ಹೇಳುವಂಥವಲ್ಲ. 1985ರ ಒಂದು ಸಾಲು: "ಮೊಟ್ಟೆ 9. ಮಳೆ ಇಲ್ಲ. ಹಸುಗಳು ಹೋದವು." ಅಷ್ಟೇ. ಆ ವರ್ಷಗಳಲ್ಲಿ ಬಡ್ಡಿ ಏರಿತ್ತು, ಅಯೋವಾದ ಜಮೀನಿನ ಬೆಲೆ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಎಷ್ಟೋ ಮನೆಗಳ ಅಂಗಳದಲ್ಲಿ ಹರಾಜು ನಡೆಯಿತು. ಇವರು ಹಾಲಿನ ಹಸುಗಳನ್ನೆಲ್ಲ ಮಾರಿ ನೆಲ ಉಳಿಸಿಕೊಂಡರು. ಅಜ್ಜಿ 58ನೇ ವಯಸ್ಸಿನಲ್ಲಿ ಶಾಲೆಯ ಅಡಿಗೆಮನೆಯಲ್ಲಿ ಕೆಲಸಕ್ಕೆ ಸೇರಿದರು. ಸಾಲದಲ್ಲಿ ಮುಳುಗಿದ ರೈತರ ಮನೆಗಳನ್ನು ನಮ್ಮೂರಲ್ಲಿ ಕಣ್ಣಾರೆ ಕಂಡವಳು ನಾನು. "ಹಸುಗಳು ಹೋದವು" ಎಂಬುದನ್ನು ಓದಿ ಮುಂದಿನ ಪುಟ ತಿರುಗಿಸಲು ಕೈ ಬರಲಿಲ್ಲ.

ಹೊರಗೆ ಹದಿನೈದು ವರ್ಷದ ಮರಿಮೊಮ್ಮಗಳು ಕೂತಿದ್ದಳು. ಮೊಣಕೈವರೆಗೆ ಸಣ್ಣ ಸಣ್ಣ ಗೀರು. ಹೈಬ್ರಿಡ್ ಬೀಜದ ಹೊಲದಲ್ಲಿ ಗೋವಿನಜೋಳದ ಗಂಡು ಹೂವಿನ ತುರಾಯಿ ಕೀಳುವ ಕೆಲಸಕ್ಕೆ ಹೋಗಿದ್ದಳಂತೆ. ಎಲೆಯ ಅಂಚು ಕೊಯ್ಯುತ್ತದಲ್ಲ. ಅವಳ ಅಜ್ಜಿಯೂ ಹುಡುಗಿಯಾಗಿದ್ದಾಗ ಅದೇ ಕೆಲಸ ಮಾಡಿದ್ದರು. ನಮ್ಮ ರಾಣೆಬೆನ್ನೂರು ಕಡೆ ಹೆಣ್ಣುಮಕ್ಕಳು ಬೀಜದ ಹತ್ತಿ, ಟೊಮ್ಯಾಟೊ ಹೊಲಗಳಿಗೆ ಕ್ರಾಸಿಂಗ್‌ಗೆ, ಅಂದರೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸಕ್ಕೆ ಹೋಗುತ್ತಾರೆ, ಹೂವೊಂದೊಂದನ್ನೂ ಬೆರಳಲ್ಲಿ ಬಿಡಿಸುತ್ತಾರೆ ಎಂದೆ. ಕೂಲಿ ಎಷ್ಟು ಎಂದು ತಕ್ಷಣ ಕೇಳಿದಳು. ಹೇಳಿದೆ. ಅವಳು ಸುಮ್ಮನಾದಳು.

ಹೊರಡುವ ಮುಂಚೆ ಹಿರಿಮಗಳು ಮೇಲಿನ ಕೋಣೆಯಿಂದ ಒಂದು ಹೊದಿಕೆ ತಂದು ನನ್ನ ತೊಡೆಯ ಮೇಲೆ ಹಾಸಿದರು. ಕೋಳಿ ಮೇವಿನ ಚೀಲದ ಬಟ್ಟೆ. ಹೆಂಗಸರು ಚೀಲದಿಂದ ಲಂಗ ಹೊಲಿಯುತ್ತಾರೆ ಎಂದು ತಿಳಿದ ಮೇಲೆ ಮೇವಿನ ಕಂಪನಿಗಳು ಹೂವಿನ ಅಚ್ಚು ಹಾಕಿದ ಚೀಲದಲ್ಲೇ ಮೇವು ಮಾರತೊಡಗಿದ್ದವು. ಲಂಗ ಹರಿದ ಮೇಲೆ ಅದರ ಚೂರುಗಳು ಈ ಹೊದಿಕೆಗೆ. ತಿರುಗಿಸಿ ಹೊಲಿಗೆ ನೋಡಿದೆ. ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆ, ಒಂದರ ಪಕ್ಕ ಒಂದು. "ಕೌದಿ!" ಎಂದೆ. ಅವರೂ "ಕೌದಿ" ಎಂದು ಹೇಳಿ ನೋಡಿದರು.

ವಾಪಸ್ ಬರುವಾಗ ಸೊಸೆ ನಿದ್ದೆ ಹೋದಳು. ಸ್ವಲ್ಪ ದೂರ ಸುಮ್ಮನಿದ್ದ ಅಕ್ಕನ ಮಗ ಕೇಳಿದ: "ಚಿಗವ್ವ, ನಮ್ಮ ಅಜ್ಜಿ ಏನೂ ಬರೆದಿಟ್ಟಿಲ್ಲ ಅಲ್ವಾ?"

ನಮ್ಮವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವಳು ಹೊಲಿದ ಕೌದಿ ನನ್ನ ಟ್ರಂಕಿನಲ್ಲಿದೆ. ಮಧ್ಯದ ಹಸಿರು ಚೂರು ಅವಳ ಮದುವೆಯ ಇಳಕಲ್ ಸೀರೆಯದು. ಅದರ ಬಲಕ್ಕೆ ಅಪ್ಪನ ಹಳೇ ಧೋತರ. ಮೂಲೆಯಲ್ಲಿ ಹಳದಿ ಚೌಕಡಿ ಬಟ್ಟೆ ಇದೆಯಲ್ಲ, ಅದು ನಿಮ್ಮವ್ವ ಐದನೇತ್ತೆಯಲ್ಲಿ ಹಾಕಿಕೊಳ್ಳುತ್ತಿದ್ದ ಪರಕಾರದ್ದು ಎಂದೆ. "ಅದರ ಪಕ್ಕದ್ದು?" ಎಂದ. ಹೀಗೇ ಒಂದೊಂದಾಗಿ ಹೇಳುತ್ತಾ ಹೋದೆ. ಡುಬ್ಯೂಕ್ ಸೇತುವೆ ಬಂದಾಗ ಎರಡನೇ ಸಾಲಿನಲ್ಲಿದ್ದೆವು.